ಪೂರ್ವಪಕ್ಷ ಓದಿ ಎದ್ದು ಹೋದವರು

ನಮ್ಮ ಬಳಗದಲ್ಲಿ ಮದುವೆಯಾಗಲಿ ಮುಂಜಿವೆಯಾಗಲಿ, ಎರಡನೆಯ ಪಂಕ್ತಿ ಕೂಡುವ ಹೊತ್ತಿಗೆ ನನ್ನ ಕಥೆ ಹೊರಗೆ ಬರುತ್ತದೆ. ಹೇಳುವವರು ನಮ್ಮ ಕಾಕಾ. "ಇಕಿ ಸಣ್ಣಾಕಿ ಅಂತ ತಿಳೀಬ್ಯಾಡ್ರಿ. ಕಮಲಾಪುರದಾಗ ಎಲುಬು ಕಟ್ಟೋ ಮುತ್ಯಾ ಇದ್ನಲ್ಲ, ಅವರ ಮನ್ಯಾಗ ಮೂರು ತಲಿಮಾರಿಂದ ನಡಕೋತ ಬಂದಿತ್ತು. ಇಕಿ ಇಂಟರ್ನೆಟ್ಟಿನ್ಯಾಗ ಒಂದೇ ಒಂದು ಲೇಖನಾ ಬರದ್ಲು ನೋಡ್ರಿ, ಬಾಗಲಾ ಮುಚ್ಚಿದಾ!" ಪಂಕ್ತಿಯ ತುದಿಯವರೆಗೂ ತಲೆಗಳು ನನ್ನತ್ತ ತಿರುಗುತ್ತವೆ. ನಾನು ಕೋಸಂಬರಿಯಲ್ಲಿ ಕರಿಬೇವು ಹುಡುಕುತ್ತೇನೆ.

ಇದೇ ಮಾತನ್ನು ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಆಡಿದ್ದರೆ ಎರಡು ನಿಮಿಷದಲ್ಲಿ ಬಿಚ್ಚಿ ಹಾಕುತ್ತಿದ್ದೆ. ನಾನು ಬರೆದದ್ದು ನಿಜ. ಮುತ್ಯಾ ನಿಲ್ಲಿಸಿದ್ದೂ ನಿಜ. ಮೊದಲನೆಯದಾದ ಮೇಲೆ ಎರಡನೆಯದಾಯಿತು ಎಂಬುದೂ ನಿಜವೇ. ಆದರೆ ಮೊದಲನೆಯದರಿಂದಲೇ ಎರಡನೆಯದಾಯಿತು ಎನ್ನಲು ಸಾಕ್ಷಿ ಎಲ್ಲಿದೆ, ಕಾಕಾ? ಸಾಕ್ಷಿ ನನ್ನ ಹತ್ತಿರವೇ ಇದೆ, ಮತ್ತು ಅದು ನಿಮ್ಮ ಕಡೆಗೆ ನುಡಿಯುವುದಿಲ್ಲ. ಇದನ್ನು ಪಂಕ್ತಿಯಲ್ಲಿ ಹೇಳುವ ಧೈರ್ಯ ನನಗೆ ಇದುವರೆಗೆ ಬಂದಿಲ್ಲ. ನೀವು ನಮ್ಮ ಬಳಗದವರಲ್ಲವಾದ್ದರಿಂದ ನಿಮ್ಮ ಮುಂದೆ ಹೇಳುತ್ತೇನೆ.

ವಾದ ಮಾಡುವುದನ್ನು ನನಗೆ ಕಲಿಸಿದವರು ನಮ್ಮ ಅಜ್ಜ. ಅವರು ಪಾಠಶಾಲೆಯಲ್ಲಿ ಕೂತು ತರ್ಕ ಓದಿದವರು. ಹದಿನೈದನೆಯ ವಯಸ್ಸಿನಲ್ಲಿ ನಾನು ದೇವರನ್ನು ನಂಬುವುದಿಲ್ಲವೆಂದು ಘೋಷಿಸಿದಾಗ ಅವ್ವ ಅತ್ತಳು. ಅಜ್ಜ ಅಡಿಕೆ ಕತ್ತರಿಸುವುದನ್ನು ಕೂಡ ನಿಲ್ಲಿಸಲಿಲ್ಲ. "ನಂಬಬ್ಯಾಡ. ಆದ್ರ ನಂಬೋರು ಏನಂತಾರ ಅನ್ನೋದು ಮೊದಲ ನನಗ ಹೇಳು. ಅವರಿಗಿಂತ ಛಂದ ಹೇಳಬೇಕು. ಆಮ್ಯಾಲ ಖಂಡನಾ ಮಾಡು" ಎಂದರು. ಹಳೆಯ ಶಾಸ್ತ್ರಗ್ರಂಥಗಳ ಕ್ರಮವೇ ಅದು. ಮೊದಲು ಪೂರ್ವಪಕ್ಷ, ಅಂದರೆ ಎದುರಾಳಿಯ ಮಾತು, ಒಂದು ಎಳೆಯೂ ಬಿಡದಂತೆ. ಅದನ್ನು ಪೂರ್ತಿ ಹೇಳಿ ಮುಗಿಸಿದ ಮೇಲೆ ಸಿದ್ಧಾಂತ, ಅಂದರೆ ನಮ್ಮ ಮಾತು. ಕೆಲವು ಗ್ರಂಥಕಾರರು ಪೂರ್ವಪಕ್ಷವನ್ನು ಎಷ್ಟು ಸೊಗಸಾಗಿ ಹೇಳುತ್ತಾರೆಂದರೆ, ಇವರು ಯಾರ ಕಡೆಯವರು ಎಂದು ಅನುಮಾನ ಬರುತ್ತದೆ. ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್‌ಗಳೆಲ್ಲ ಈ ಒಂದು ಪಾಠದಿಂದ ಬಂದವು. ಅವುಗಳಲ್ಲಿ ದೊಡ್ಡದೊಂದರಲ್ಲಿ ಅವ್ವ ಈಗ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಇಡುತ್ತಾಳೆ.

ಆ ಗ್ರಂಥಗಳನ್ನು ಬರೆದವರಿಗೆ ಒಂದು ಅನುಕೂಲವಿತ್ತು. ಅದು ಆಗ ನನಗೆ ಹೊಳೆದಿರಲಿಲ್ಲ. ಅವರ ಓದುಗ ಗುರುವಿನ ಎದುರು ಚಕ್ಕಳಮಕ್ಕಳ ಹಾಕಿ ಕೂತಿರುತ್ತಿದ್ದ. ಪೂರ್ವಪಕ್ಷ ಮುಗಿದ ಕೂಡಲೇ ಎದ್ದು ಬಸ್ಸು ಹಿಡಿಯಲು ಅವನಿಂದ ಆಗುತ್ತಿರಲಿಲ್ಲ.

ಕಾಲೇಜು ಮುಗಿದ ವರ್ಷ ನಾನೊಂದು ವೆಬ್‌ಸೈಟ್ ಮಾಡಿದೆ. ಕಲಬುರ್ಗಿಯ ಐವಾನ್-ಎ-ಶಾಹಿ ಕಡೆ ನಮ್ಮ ಮನೆಯಿಂದ ಎರಡು ಓಣಿ ದಾಟಿದರೆ ಖಾಲಿದ್ ಭಾಯಿಯ ಸೈಬರ್ ಕೆಫೆ. ಅಲ್ಲಿ ಕೂತು, ಜನ ಕಣ್ಣು ಮುಚ್ಚಿ ನಂಬುವ ಸಂಗತಿಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿ ಬರೆಯುವುದೆಂದು ಸಂಕಲ್ಪ ಮಾಡಿದೆ. ಮೊದಲ ಲೇಖನವೇ ಕಮಲಾಪುರದ ಶಿವರಾಯ ಮುತ್ಯಾನದು. ಮುತ್ಯಾ ಎಂದರೆ ನಮ್ಮ ಕಡೆ ಅಜ್ಜ. ವಯಸ್ಸಾದ ಎಲ್ಲ ಗಂಡಸರೂ ಊರಿಗೆಲ್ಲ ಮುತ್ಯಾ. ಈತ ಮುರಿದ ಕೈಕಾಲಿಗೆ ಉದ್ದಿನ ಹಿಟ್ಟು, ಮೊಟ್ಟೆಯ ಬಿಳಿ ಹಚ್ಚಿ, ಬಿದಿರಿನ ಪಟ್ಟಿ ಇಟ್ಟು ಕಟ್ಟುತ್ತಿದ್ದ. ರೊಕ್ಕ ಮುಟ್ಟುತ್ತಿರಲಿಲ್ಲ. ಒಂದು ತೆಂಗಿನಕಾಯಿ ಇಟ್ಟು ಹೋದರೆ ಆಯಿತು.

ಅಜ್ಜನ ಕ್ರಮದಲ್ಲೇ ಬರೆದೆ. ಆರು ಪ್ಯಾರಾ ಪೂರ್ವಪಕ್ಷ. ಮುತ್ಯಾನ ಮನೆ ಎಲ್ಲಿದೆ, ಕಮಲಾಪುರದಲ್ಲಿ ಬಸ್ಸಿಳಿದು ಯಾವ ಬಾಳೆತೋಟದ ಪಕ್ಕದ ದಾರಿ ಹಿಡಿಯಬೇಕು, ಯಾವ ಯಾವ ವಾರ ಕಟ್ಟುತ್ತಾನೆ, ಬರಿ ಹೊಟ್ಟೆಯಲ್ಲಿ ಯಾಕೆ ಬರಬೇಕು, ಯಾವ ಊರಿನ ಯಾರ ಕಾಲು ನೆಟ್ಟಗಾಯಿತು, ಎಲ್ಲ ಬರೆದೆ. ಮುತ್ಯಾನ ಮಕ್ಕಳು ಕೂಡ ಅಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ. ಏಳನೆಯ ಪ್ಯಾರಾದಿಂದ ಖಂಡನೆ. ಎಲುಬು ಒಳಗೆ ಹೇಗೆ ಕೂತಿದೆಯೆಂದು ಹೊರಗಿನ ಬೆರಳಿಗೆ ತಿಳಿಯದು, ಎಕ್ಸ್‌ರೇ ಫೋಟೋ ತೆಗೆಸದೆ ಕಟ್ಟಿದರೆ ಸೊಟ್ಟ ಕೂಡಬಹುದು, ನೆಟ್ಟಗಾದವರ ಹೆಸರು ಎಲ್ಲರೂ ಹೇಳುತ್ತಾರೆ, ಆಗದವರ ಹೆಸರು ಯಾರೂ ಹೇಳುವುದಿಲ್ಲ. ಒಳ್ಳೆಯ ಖಂಡನೆಯೇ. ಇವತ್ತಿಗೂ ಅದರಲ್ಲಿ ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳಲಾರೆ.

ಆಗ ಎಷ್ಟೋ ಕಂಪ್ಯೂಟರುಗಳಲ್ಲಿ ಕನ್ನಡ ಅಕ್ಷರ ಮೂಡುತ್ತಿರಲಿಲ್ಲ, ಸಾಲು ಸಾಲು ಖಾಲಿ ಡಬ್ಬಿ ಕಾಣುತ್ತಿದ್ದವು. ಆದ್ದರಿಂದ ಮುತ್ಯಾನ ಹೆಸರು, ವಿಳಾಸ, ವಾರ ಇಷ್ಟನ್ನು ಪುಟದ ತಲೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲೂ ಹಾಕಿದೆ. ನಾನು ಗಾಳಿಯಲ್ಲಿ ಮಾತಾಡುತ್ತಿಲ್ಲ, ಬೇಕಾದವರು ಹೋಗಿ ಪರೀಕ್ಷಿಸಬಹುದು ಎಂದು ತೋರಿಸುವ ಹೆಮ್ಮೆ. ಪರೀಕ್ಷಿಸಲು ಯಾರು ಹೋದಾರು ಎಂದು ಯೋಚಿಸಲಿಲ್ಲ.

ಬರೆದಾಯಿತು. ಓದುತ್ತಾರೆಯೋ ಇಲ್ಲವೋ ತಿಳಿಯುವುದು ಹೇಗೆ? ಖಾಲಿದ್ ಭಾಯಿ ಒಂದು ಉಪಾಯ ತೋರಿಸಿದರು. ಪುಟದ ಅಡಿಯಲ್ಲಿ ನಾಲ್ಕು ಸಾಲು ಕೋಡ್ ಅಂಟಿಸಿದರೆ ಮುಗಿಯಿತು. ಎಷ್ಟು ಜನ ಬಂದರು, ಯಾವ ಊರಿನಿಂದ, ಏನೆಂದು ಹುಡುಕಿ ನಿಮ್ಮ ಬಾಗಿಲಿಗೆ ಮುಟ್ಟಿದರು, ಎಷ್ಟು ಹೊತ್ತು ಕೂತರು, ಎಲ್ಲವೂ ಮರುದಿನ ಪಟ್ಟಿಯಾಗಿ ಬರುತ್ತದೆ.

ಇದರಲ್ಲಿ ಹೊಸದೇನೂ ಇಲ್ಲ. ನಮ್ಮ ಅಜ್ಜಿಗೆ ಈ ವಿದ್ಯೆ ಮೊದಲಿನಿಂದ ಬರುತ್ತಿತ್ತು. ಹಿತ್ತಲಲ್ಲಿದ್ದವಳು ಒಳಗೆ ಬರುವಾಗ ಕಟ್ಟೆಯ ಕೆಳಗಿನ ಚಪ್ಪಲಿಗಳನ್ನು ಒಮ್ಮೆ ನೋಡುತ್ತಿದ್ದಳು. ಗೋಡೆಗೆ ಒತ್ತಿ ಜೋಡಿಸಿದ್ದರೆ ಊಟಕ್ಕೆ ನಿಲ್ಲುವವರು, ಮೂತಿ ಬೀದಿಯ ಕಡೆಗಿದ್ದರೆ ಏನೋ ಕೇಳಿ ಹೊರಡುವವರು, ಒಂದು ಇಲ್ಲಿ ಒಂದು ಅಲ್ಲಿ ಬಿದ್ದಿದ್ದರೆ ಯಾರಿಗೋ ಮೈ ನೆಟ್ಟಗಿಲ್ಲ. ಅದಕ್ಕೆ ತಕ್ಕ ಹಾಗೆ ಕುಕ್ಕರೋ ಚಹದ ಪಾತ್ರೆಯೋ ಒಲೆಯೇರುತ್ತಿತ್ತು. ಅಜ್ಜಿಗೂ ನನಗೂ ಇದ್ದ ವ್ಯತ್ಯಾಸ ಒಂದೇ. ಅವಳು ಚಪ್ಪಲಿ ನೋಡಿ ಬಂದವರಿಗೆ ಏನು ಬೇಕು ಎಂದು ಯೋಚಿಸುತ್ತಿದ್ದಳು. ನಾನು ಚಪ್ಪಲಿಗಳನ್ನು ಎಣಿಸುತ್ತಿದ್ದೆ.

ಮೊದಲ ತಿಂಗಳು ಬಂದವಳು ನಾನೊಬ್ಬಳೇ. ಬಂದಿದ್ದಾರೆಯೇ ಎಂದು ನೋಡಲು ನಾನು ಪುಟ ತೆರೆಯುವುದು, ಅದು ನನ್ನನ್ನೇ ಹಿಡಿದು ಒಂದು ಎಂದು ಬರೆದುಕೊಳ್ಳುವುದು, ಮರುದಿನ ಅದನ್ನು ಕಂಡು ನಾನು ಹಿಗ್ಗುವುದು. ಮೂರನೆಯ ತಿಂಗಳು ನಿಜವಾಗಿ ಜನ ಬರತೊಡಗಿದರು. ಅದೂ ಹೈದರಾಬಾದಿನಿಂದ! ಮನೆಯಲ್ಲಿ ಊಟಕ್ಕೆ ಕೂತಾಗ, ಹೈದರಾಬಾದಿನ ವಿದ್ಯಾವಂತರ ವಲಯದಲ್ಲಿ ನನ್ನ ವಾದ ಚರ್ಚೆಗೆ ಬಂದಿದೆ ಎಂದು ಹೇಳಿದೆ. ಕಾಕಾನ ಕಥೆಯ ಬೀಜ ಬಿದ್ದದ್ದು ಆ ತಟ್ಟೆಯ ಮುಂದೆಯೇ.

ಖಾಲಿದ್ ಭಾಯಿಗೆ ಅನುಮಾನ. ಒಂದು ಮಧ್ಯಾಹ್ನ ಕುರ್ಚಿ ಎಳೆದು ಪಕ್ಕದಲ್ಲಿ ಕೂತರು. "ತಂಗೀ, ನೀ ಬರೇ ಎಷ್ಟು ಮಂದಿ ಬಂದಾರ ಅನ್ನೋದೇ ನೋಡ್ತಿ. ಏನಂತ ಬರದು ಬಂದಾರ, ಅದನ್ನ ನೋಡೇ ಇಲ್ಲ ಏನು?"

ನೋಡಿದೆ. ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆದವು. ಕಮಲಾಪುರ ಎಲುಬು ಕಟ್ಟುವವರು. ಹಡ್ಡಿ ಜೋಡನೇವಾಲಾ ಕಮಲಾಪುರ. ಕಮಲಾಪುರ ಹಡ್ಡಿ ಯಾವ ವಾರ. ಗುಲಬರ್ಗಾ ಕಮಲಾಪುರ ಬಸ್ ಟೈಮ್. ಹೀಗೆ ಕಟ್ಟುವುದು ಸರಿಯೇ ತಪ್ಪೇ ಎಂದು ಹುಡುಕಿದ ಪುಣ್ಯಾತ್ಮ ಒಬ್ಬನೂ ಇರಲಿಲ್ಲ.

"ಇವರು ನಿನ್ನ ಬಹಸ್ ಕೇಳಾಕ ಬಂದಿಲ್ಲ. ಪತಾ ಹುಡುಕಾಕ ಬಂದಾರ," ಎಂದರು ಖಾಲಿದ್ ಭಾಯಿ.

"ಬರೋದು ವಿಳಾಸಕ್ಕ ಬರಲಿ ಭಾಯಿ. ಬಂದ ಮ್ಯಾಲ ವಾದಾ ಓದತಾರಲ್ಲ?"

"ಕೂತಿದ್ದು ಎಷ್ಟ್ ಹೊತ್ತು ನೋಡು. ಒಂದ್ ನಿಮಿಷ ಸೈತ ಇಲ್ಲ. ನಿನ್ನ ಏಳನೇ ಪ್ಯಾರಾ ಮುಟ್ಟಾಕ ನನಗ ಐದ್ ನಿಮಿಷ ಬೇಕಾತು. ಅದೂ ಚಾ ಕುಡಿಯೋದ್ ಬಿಟ್ಟು. ಮತ್ತ ಹೈದರಾಬಾದ್ ಅಂತ ಕುಣೀಬ್ಯಾಡ. ಜಹೀರಾಬಾದ್‌ನಾಗ ಕೂತು ನೋಡಿದ್ರೂ ಇದು ಹೈದರಾಬಾದ್ ಅಂತೇ ತೋರಸ್ತದ. ಲೈನ್ ಅಲ್ಲಿಂದ ಬರತದ."

ಎಲ್ಲ ಬಿಟ್ಟು ಸೋಲೊಪ್ಪಿಕೊಳ್ಳಬೇಕಾದ ಜಾಗ ಅದು. ನಾನು ಒಪ್ಪಿಕೊಳ್ಳಲಿಲ್ಲ. ಕಡಿಮೆ ಹೊತ್ತು ಕೂತವರು ವೇಗವಾಗಿ ಓದುವವರಿರಬಹುದು ಎಂದೆ. ಪುಟವನ್ನು ಪ್ರಿಂಟ್ ತೆಗೆದುಕೊಂಡು ಮನೆಯಲ್ಲಿ ಓದುವವರಿರಬಹುದು ಎಂದೆ. ಖಾಲಿದ್ ಭಾಯಿ ನಕ್ಕು ಎದ್ದು ಹೋದರು. ಅವರು ಹೇಳಿದ್ದು ಸರಿಯೆಂದು ಆ ದಿನವೇ ನನಗೆ ತಿಳಿದಿತ್ತು; ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ತಲೆಯ ಮೇಲಿನ ಆ ಮೂರು ಸಾಲು ವಿಳಾಸ ತೆಗೆದರೆ ಆಗುತ್ತಿತ್ತು. ತೆಗೆಯಲು ಕೈ ಮುಂದೆ ಹೋಗಿತ್ತು ಕೂಡ. ತೆಗೆದರೆ ನಾಳೆಯಿಂದ ಸಂಖ್ಯೆ ಬೀಳುತ್ತದೆ. ಮತ್ತೆ ನಾನೊಬ್ಬಳೇ ಬಂದು ಹೋಗುವ ಮನೆಯಾಗುತ್ತದೆ. ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

ಕೆಲವು ದಿನದ ಮೇಲೆ, ಪುಟದ ಮೇಲಿದ್ದ ನನ್ನ ಹೆಸರು ಹಿಡಿದು ವಿಚಾರಿಸುತ್ತ, ಮನೆಯ ಬಾಗಿಲಿಗೆ ಒಬ್ಬರು ಬಂದರು. ಎಡಗೈ ಬಿದಿರಿನ ಪಟ್ಟಿಯಲ್ಲಿ ಬಿಗಿದು ಕೊರಳಿಗೆ ತೂಗುಬಿದ್ದಿತ್ತು. ಬಲಗೈಯಲ್ಲಿ ಕಮಲಾಪುರದ ಕೆಂಪು ಬಾಳೆಯ ದೊಡ್ಡ ಚಿಪ್ಪು. "ಶಿವರಾಯ ಮುತ್ಯಾ ಕೊಟ್ಟಾರ್ರಿ. ಕಾಗದ ಬರದ ಮಗಳಿಗಿ ಮುಟ್ಟಸು ಅಂದ್ರು" ಎಂದರು. ಜನ ನನ್ನ ಪುಟದ ಮೊದಲ ಹಾಳೆಯನ್ನು ಪ್ರಿಂಟ್ ತೆಗೆಸಿ, ಮಡಚಿ, ಜೇಬಿನಲ್ಲಿಟ್ಟುಕೊಂಡು ಕಮಲಾಪುರಕ್ಕೆ ಹೋಗುತ್ತಿದ್ದರು. ಪ್ರಿಂಟಿನ ವಿಷಯದಲ್ಲಿ ನನ್ನ ವಾದ ಸರಿಯಾಗಿಯೇ ಇತ್ತು. ಓದು ಬಾರದ ಮುತ್ಯಾ ಅದನ್ನು ತನ್ನ ಹೊಗಳಿಕೆಯೆಂದು ತಿಳಿದಿದ್ದ. ಮೊದಲ ಹಾಳೆಯ ಮಟ್ಟಿಗೆ ಅವನ ತಿಳಿವಳಿಕೆಯೂ ತಪ್ಪಲ್ಲ.

ಅಜ್ಜಿಗೆ ಮಾತ್ರ ನಾನು ಲೇಖನವನ್ನು ಪೂರ್ತಿ ಓದಿ ಹೇಳಿದ್ದೆ. ಅವಳು ಚಿಪ್ಪು ನೋಡಿ, "ಬೈದಾಕಿಗೆ ಬಾಳಿಹಣ್ಣು ಕಳಸ್ಯಾನಲ್ಲ, ದೊಡ್ಡ ಮನಷ್ಯಾ ಇರಬೇಕು" ಎಂದಳು. ಹಣ್ಣು ಜೇನಿನಂತಿತ್ತು. ನಾನು ಎರಡು ತಿಂದೆ. ಸಂಜೆ ಇನ್ನೊಂದು.

ಆಮೇಲೆ ಆ ಪತ್ರ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹಿಂದಿ, ನಾಲ್ಕೇ ಸಾಲು. ಬರೆದವರ ಹೆಸರು ಸುಜಾತಾ, ಊರು ಜಹೀರಾಬಾದ್, ಮನೆಯಲ್ಲಿ ಬ್ಲೌಸ್ ಹೊಲಿಯುವ ಕೆಲಸ. ಮೆಟ್ಟಿಲ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿದಿತ್ತು. ನಿಮ್ಮ ಸೈಟಿನಲ್ಲಿ ವಿಳಾಸ ಸಿಕ್ಕಿತು, ಕಮಲಾಪುರಕ್ಕೆ ಹೋದೆ, ಮೂರು ವಾರ ಕಟ್ಟಿದ್ದರು, ಈಗ ಕೈ ತಿರುಗುವುದಿಲ್ಲ, ಕತ್ತರಿ ಹಿಡಿಯಲು ಬರುವುದಿಲ್ಲ. ನಿಮ್ಮಲ್ಲಿ ಬೇರೆ ಯಾರಾದರೂ ಒಳ್ಳೆಯವರ ವಿಳಾಸ ಇದ್ದರೆ ಕೊಡುತ್ತೀರಾ?

ಬೈಗುಳವಿರಲಿಲ್ಲ. ದೂರೂ ಇರಲಿಲ್ಲ. ದೂರು ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಇಲ್ಲದ ದೂರಿಗೆ ನಾನು ಉತ್ತರ ಬರೆದೆ. ಚರ್ಚಾಸ್ಪರ್ಧೆಯ ಇಂಗ್ಲಿಷಿನಲ್ಲಿ, ಅಂಶ ಒಂದು, ಅಂಶ ಎರಡು ಎಂದು ಹನ್ನೊಂದರವರೆಗೆ. ಲೇಖನದ ಉದ್ದೇಶ ಪ್ರಚಾರವಲ್ಲ, ಖಂಡನೆ. ಪೂರ್ತಿ ಓದಿದ್ದರೆ ನೀವು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ಅರ್ಧ ಓದಿ ನಿರ್ಧಾರ ಮಾಡುವವರ ಹೊಣೆ ಬರೆದವರ ಮೇಲೆ ಬರುವುದಿಲ್ಲ. ಕಳಿಸಿ ಎದ್ದೆ. ಗೆದ್ದಂತೆಯೂ ಅನಿಸಿತ್ತು.

ಮನೆಗೆ ನಡೆಯುತ್ತಿದ್ದಾಗ, ಎರಡನೆಯ ಓಣಿಯ ತಿರುವಿನಲ್ಲಿ, ಆಕೆ ಯಾಕೆ ಹಿಂದಿಯಲ್ಲಿ ಬರೆದಳು ಎಂದು ಹೊಳೆಯಿತು. ಆಕೆಗೆ ಕನ್ನಡ ಓದಲು ಬರುವುದಿಲ್ಲ. ಬಂದಿದ್ದರೂ ಆ ಊರಿನ ಕಂಪ್ಯೂಟರಿನಲ್ಲಿ ನನ್ನ ಲೇಖನ ಕಂಡಿರುವುದು ಹೀಗೆ: ತಲೆಯ ಮೇಲೆ ಸ್ಪಷ್ಟವಾಗಿ ಮೂರು ಸಾಲು ವಿಳಾಸ, ಅದರ ಕೆಳಗೆ ಸಾಲು ಸಾಲು ಖಾಲಿ ಡಬ್ಬಿ. ನನ್ನ ಸಿದ್ಧಾಂತವೆಲ್ಲ ಡಬ್ಬಿ. ಆಕೆ ಓದಲು ಸಾಧ್ಯವಿದ್ದದ್ದನ್ನೆಲ್ಲ ಓದಿದ್ದಳು. ಆಕೆ ಕೇಳಿದ್ದು ಒಂದು ವಿಳಾಸ, ನಾನು ಕೊಟ್ಟದ್ದು ಹನ್ನೊಂದು ಅಂಶ.

ಮರುದಿನ ಕಮಲಾಪುರದ ಬಸ್ಸು ಹತ್ತಿದೆ. ಯಾಕೆ ಹೊರಟೆ ಎಂದು ಸರಿಯಾಗಿ ಹೇಳಲಾರೆ. ಮುತ್ಯಾನೊಡನೆ ಜಗಳವಾಡಿದರೆ ಹಗುರಾಗಬಹುದು ಎಂದಿತ್ತೇನೋ. ನಾನು ಬರೆದ ದಾರಿಯಲ್ಲೇ ನಡೆದೆ. ಒಂದು ತಿರುವು ಕೂಡ ತಪ್ಪಿರಲಿಲ್ಲ. ಬಾಗಿಲ ಮುಂದೆ ಇಬ್ಬರು ನಿಂತಿದ್ದರು. ಮುತ್ಯಾ ಕಟ್ಟೆಯ ಮೇಲೆ ಕೂತು, "ಇಲ್ಲಪ್ಪಾ, ಕಟ್ಟೋದು ಬಿಟ್ಟೀನಿ. ದವಾಖಾನಿಗಿ ನಡೀರಿ" ಎಂದು ಕಳಿಸುತ್ತಿದ್ದ. ನಾನು ಯಾರೆಂದು ಹೇಳಿದೆ.

"ಬಾ ಯವ್ವಾ, ಬಾ. ಹಣ್ಣು ಮುಟ್ಟಿದ್ವೇನು?"

ಮುಟ್ಟಿದವು ಎಂದೆ. ಯಾಕೆ ಬಿಟ್ಟದ್ದು ಎಂದು ಕೇಳಿದೆ.

"ಕೈ ತಪ್ಪಿತು ಯವ್ವಾ. ಜಹೀರಾಬಾದಿಂದ ಒಬ್ಬಾಕಿ ಹೆಣ್ಣಮಗಳು ಬಂದಿದ್ಲು. ಬಿಚ್ಚಿದ ದಿನಾನೇ ನನಗ ಅನುಮಾನ ಇತ್ತು, ಎಲುಬು ಸೊಟ್ಟ ಕುಂತದ ಅಂತ. ಹತ್ತು ದಿನ ನೋಡು ಅಂದೆ. ನಿನ್ನೆ ತಿರುಗಿ ಬಂದ್ಲು. ನಾನೇ ಕಲಬುರ್ಗಿಗಿ ದವಾಖಾನಿಗಿ ಕರಕೊಂಡ್ ಹೋದೆ. ಫೋಟೋ ತಗದ್ರು. ಮತ್ತ ಮುರದು ಕೂಡಸ್ಬೇಕಂತ. ಕಟ್ಟಿದಾಂವ ನಾನೇ ರೀ ಅಂತ ಡಾಕ್ಟರ್ ಮುಂದ ಹೇಳಿದೆ. ಬೈದ್ರು. ಬೈಬೇಕಾದ್ದೇ." ತನ್ನ ಬೆರಳುಗಳನ್ನು ಮುಖದ ಹತ್ತಿರ ತಂದು ನೋಡಿಕೊಂಡ. "ಮೊದಲ ಊರಾಗಿನ ನಾಕ್ ಮಂದಿ ಬರತಿದ್ರು, ನಡೀತಿತ್ತು. ಕಣ್ಣು ಮಸುಕಾಗ್ಯಾವ, ಬಿಡಬೇಕಂತ ಎರಡು ವರ್ಷದಿಂದ ಅಂದ್ಕೊಂಡಿದ್ದೆ. ಅಷ್ಟರಾಗ ದೂರ ದೂರದವ್ರು ಕಾಗದ ಹಿಡಕೊಂಡು ಬರಾಕತ್ತಿದ್ರು. ಹೆಸರ ಕೇಳಿ ಬಂದಾರ ಅಂತ ನನಗೂ ಸೊಕ್ಕು ಬಂತು."

ನನಗೂ ಎಂದನಲ್ಲ, ಇನ್ನಾರಿಗೆ ಬಂದಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ಅವನ ಸೊಕ್ಕು ಒಂದು ಫೋಟೋ ನೋಡಿದ ಕೂಡಲೇ ಇಳಿದಿತ್ತು. ನನ್ನ ಎದುರಿಗೆ ಎಷ್ಟೋ ತಿಂಗಳಿನಿಂದ ಪಟ್ಟಿಯೇ ಇತ್ತು.

ಅವನು ಒಳಗೆ ಹೋಗಿ ಮಡಿಕೆ ಬಿದ್ದ ಒಂದು ಹಾಳೆ ತಂದ. ಅರಿಸಿನದ ಬೆರಳು ತಗುಲಿದ ನನ್ನ ಲೇಖನದ ಮೊದಲ ಪುಟ. "ಎಲ್ಲರೂ ಇದನ್ನೇ ತೋರಸ್ತಾರ. ಓದಿ ಹೇಳ್ರಿ ಅಂದ್ರ ಅವಸರ ಮಾಡತಾರ. ನೀ ಬರದಾಕಿ, ನೀನೇ ಓದು."

ಓದಿದೆ. ಅವನ ಅಜ್ಜನಿಂದ ಅವನಿಗೆ ವಿದ್ಯೆ ಬಂದದ್ದು, ರೊಕ್ಕ ಮುಟ್ಟದ ವ್ರತ, ನೆಟ್ಟಗಾದ ಕಾಲುಗಳು, ಕೈಗಳು. ವೇದಿಕೆಯ ಮೇಲೆ ಕೂಡ ನಾನು ಅಷ್ಟು ಚೆನ್ನಾಗಿ ಓದಿರಲಿಕ್ಕಿಲ್ಲ. ಮುತ್ಯಾ ಕಣ್ಣು ಮುಚ್ಚಿ ಕೇಳಿದ. ಹಾಳೆ ಮುಗಿಯಿತು.

"ಮುಂದ?"

ಮುಂದಿನದು ನನಗೆ ಬಾಯಿಪಾಠವಿತ್ತು. ಏಳನೆಯ ಪ್ಯಾರಾದ ಮೊದಲ ವಾಕ್ಯ ನಾಲಿಗೆಯ ತುದಿಗೆ ಬಂದು ನಿಂತಿತ್ತು.

"ಇಷ್ಟೇ ಅದ ಮುತ್ಯಾ" ಎಂದೆ.

ಅವನು ಹಾಳೆಯನ್ನು ಅದೇ ಮಡಿಕೆಗಳಲ್ಲಿ ಮಡಚಿ ಜೇಬಿಗಿಟ್ಟುಕೊಂಡ. "ಛಲೋ ಬರದಿ. ಆದ್ರ ಬಿಟ್ಟೀನಿ ಅಂತ ಒಂದ್ ಸಾಲು ಸೇರಸು. ಪಾಪ, ಮಂದಿ ಬಸ್ಸಿಗಿ ಬಂದು ತಿರುಗಿ ಹೋಗ್ತಾರ." ಆ ಸೊಟ್ಟ ಎಲುಬಿಗೆ ತಾನೊಬ್ಬನೇ ಕಾರಣ ಎಂದು ತಿಳಿದವನ ಹತ್ತಿರ, ಕಟ್ಟಿದವನು ನೀನು, ಕಳಿಸಿದವಳು ನಾನು ಎನ್ನಲು ನನಗೆ ಬಾಯಿ ಬರಲಿಲ್ಲ. ಬಸ್ಸಿಗೆ ಹೊರಡುವಾಗ ಮತ್ತೊಂದು ಚಿಪ್ಪು ಬಾಳೆಹಣ್ಣು ಕೊಟ್ಟ. ಅದು ಅಡುಗೆಮನೆಯ ಮೂಲೆಯಲ್ಲಿ ಕಪ್ಪಾಗುವವರೆಗೆ ತೂಗುತ್ತಿತ್ತು. ಅಜ್ಜಿ ನನ್ನ ಮುಖ ನೋಡಿದಳು, ಯಾಕೆ ತಿನ್ನಲಿಲ್ಲ ಎಂದು ಕೇಳಲಿಲ್ಲ.

ಪುಟವನ್ನು ಬದಲಿಸಿದೆ. ವಿಳಾಸ ಹೋಯಿತು. ತಲೆಯ ಮೇಲೆ ಕನ್ನಡದಲ್ಲಿ ಮತ್ತು ಇಂಗ್ಲಿಷ್ ಅಕ್ಷರದ ಹಿಂದಿಯಲ್ಲಿ ಒಂದೇ ಮಾತು: ಮುತ್ಯಾ ಕಟ್ಟುವುದನ್ನು ಬಿಟ್ಟಿದ್ದಾರೆ, ಎಲುಬು ಮುರಿದಿದ್ದರೆ ಮೊದಲು ಆಸ್ಪತ್ರೆಗೆ ಹೋಗಿ ಫೋಟೋ ತೆಗೆಸಿ. ಹಿಂದಿಯನ್ನು ಖಾಲಿದ್ ಭಾಯಿ ತಿದ್ದಿಕೊಟ್ಟರು. ಅಜ್ಜನಿಗೂ ಹೇಳಿದೆ, ಈ ಸಲ ಸಿದ್ಧಾಂತ ಮೊದಲು ಹಾಕಿದ್ದೇನೆ ಎಂದು. "ಕೇಳೋರಿಗೆ ನೋವಿದ್ರ ಹಂಗೇ ಹಾಕಬೇಕು" ಎಂದರು. ಇದನ್ನು ಮೊದಲೇ ಯಾಕೆ ಕಲಿಸಲಿಲ್ಲ ಎಂದು ಅವರೊಡನೆಯೂ ವಾದ ಮಾಡಬಹುದಿತ್ತು.

ಎಣಿಕೆಯ ಪಟ್ಟಿಯನ್ನು ಇನ್ನೂ ನೋಡುತ್ತೇನೆ. ಜನ ಅದೇ ಮಾತು ಹುಡುಕುತ್ತ ಬರುತ್ತಾರೆ, ಹತ್ತು ಹನ್ನೆರಡು ಸೆಕೆಂಡು ನಿಲ್ಲುತ್ತಾರೆ, ಹೋಗುತ್ತಾರೆ. ಆಸ್ಪತ್ರೆಗೆ ಹೋದರೋ, ಬೇರೆ ಊರಿನ ಬೇರೆ ಮುತ್ಯಾನನ್ನು ಹುಡುಕಿದರೋ, ಅದನ್ನು ತೋರಿಸುವ ಪಟ್ಟಿಯನ್ನು ಇನ್ನೂ ಯಾರೂ ಮಾಡಿಲ್ಲ. ಬಂದ ದಾರಿಯೆಲ್ಲ ಅಲ್ಲಿ ಬರೆದಿರುತ್ತದೆ, ಹೋದ ದಾರಿ ಇರುವುದಿಲ್ಲ. ಆಗಾಗ ಊರಿನ ಸಾಲಿನಲ್ಲಿ ಹೈದರಾಬಾದ್ ಎಂದು ಕಂಡರೆ ನನ್ನ ಕೈ ಮೌಸಿನ ಮೇಲೆ ಹಾಗೆಯೇ ನಿಂತುಬಿಡುತ್ತದೆ.

ಸುಜಾತಾಗೆ ಇನ್ನೊಂದು ಪತ್ರ ಬರೆದೆ. ತಪ್ಪಾಯಿತು ಎಂದು ಮೊದಲು ಬರೆದು, ಅದರ ಕೆಳಗೆ ಯಾಕೆ ತಪ್ಪಾಯಿತೆಂದು ವಿವರಿಸತೊಡಗಿದ್ದೆ. ನಾಲ್ಕನೆಯ ಅಂಶ ಮುಟ್ಟಿದಾಗ ನಾಚಿಕೆಯಾಗಿ ವಿವರಣೆಯನ್ನೆಲ್ಲ ಅಳಿಸಿದೆ. ಕೊನೆಗೆ ಕಳಿಸಿದ್ದರಲ್ಲಿ ಆ ಒಂದು ಮಾತು, ಒಂದು ಪ್ರಶ್ನೆ ಇಷ್ಟೇ ಉಳಿದಿತ್ತು. ಎರಡು ವರ್ಷವಾಯಿತು, ಉತ್ತರ ಬಂದಿಲ್ಲ. ಕಾಕಾ ಪಂಕ್ತಿಯಲ್ಲಿ ನನ್ನ ಕಥೆ ಶುರು ಮಾಡಿದಾಗಲೆಲ್ಲ, ಕರಿಬೇವು ಹುಡುಕುತ್ತ, ಆ ಪ್ರಶ್ನೆಯನ್ನೇ ಮತ್ತೆ ಕೇಳುತ್ತಿರುತ್ತೇನೆ.

ಸುಜಾತಾ ಅವರೇ, ಕೈ ಈಗ ತಿರುಗುತ್ತದೆಯೇ?